ಲಿಂಕ್ ನಿಧಾನವಾಗಿದೆ ಎಂದು ಹೇಳುವ ಕರ್ನಲ್ ಅದನ್ನು ನಿಧಾನ ಮಾಡಿತೇ?

ಪ್ರಶ್ನೆ: ಕಳೆದ ತಿಂಗಳು ನನ್ನ ಡೆಸ್ಕ್‌ಟಾಪ್‌ಗೆ ಪಿಸಿಐ ಎಕ್ಸ್‌ಪ್ರೆಸ್ ನಾಲ್ಕನೇ ಪೀಳಿಗೆಯ, ನಾಲ್ಕು ಲೇನ್‌ಗಳ ಎನ್‌ವಿಎಂಇ ಡ್ರೈವ್ (ಚಿಪ್‌ಗಳಲ್ಲೇ ಮಾಹಿತಿ ಇಡುವ ವೇಗದ ಡಿಸ್ಕ್) ಹಾಕಿದೆ. ಲಿನಕ್ಸ್ ಇರುವುದು ಹಳೆಯ ಸಾಟಾ ಡಿಸ್ಕ್‌ನಲ್ಲೇ. ಹೊಸದು ಕೆಲಸದ ಕಡತಗಳಿಗೆ. ಬೂಟ್ ಲಾಗ್‌ನಲ್ಲಿ ಒಂದು ಸಾಲು ಬರುತ್ತಿದೆ. ಅದರ ಅರ್ಥ ಹೀಗಿದೆ: ಲಭ್ಯವಿರುವ ಬ್ಯಾಂಡ್‌ವಿಡ್ತ್ ಸೆಕೆಂಡಿಗೆ 15.752 ಗಿಗಾಬಿಟ್, 0000:00:06.0ರಲ್ಲಿರುವ 8 ಜಿಟಿ (ಸೆಕೆಂಡಿಗೆ ಗಿಗಾಟ್ರಾನ್ಸ್‌ಫರ್) ವೇಗದ ಎರಡು ಲೇನ್ ಲಿಂಕ್‌ನಿಂದಾಗಿ ಈ ಮಿತಿ. 16 ಜಿಟಿ ವೇಗದ ನಾಲ್ಕು ಲೇನ್ ಲಿಂಕ್ ಆಗಿದ್ದರೆ 63.012 ಗಿಗಾಬಿಟ್ ಸಾಧ್ಯವಿತ್ತು. ಇದರ ಜೊತೆಗೆ, ರಾತ್ರಿ ಆಫ್ ಮಾಡಿ ಬೆಳಗ್ಗೆ ಆನ್ ಮಾಡಿದಾಗ ಕೆಲವು ದಿನ ಡ್ರೈವ್ ಕಾಣಿಸುವುದೇ ಇಲ್ಲ. ರೀಸ್ಟಾರ್ಟ್ ಮಾಡಿದರೆ ಬರುತ್ತದೆ. ಲಿನಕ್ಸ್‌ನ ತಿರುಳಾದ ಕರ್ನಲ್ ಬದಲಿಸಿ ನೋಡಿದೆ, ಬೂಟ್ ಸಾಲಿನಲ್ಲಿ ಎಎಸ್‌ಪಿಎಂ (ಲಿಂಕ್‌ನ ವಿದ್ಯುತ್ ಉಳಿತಾಯ) ಆಫ್ ಎಂದು ಬರೆದೂ ನೋಡಿದೆ. ಪ್ರಯೋಜನವಾಗಲಿಲ್ಲ. ಕರ್ನಲ್ ಯಾವ ಆಧಾರದ ಮೇಲೆ ಈ ವೇಗವನ್ನು ಆರಿಸುತ್ತದೆ? ಬಲವಂತವಾಗಿ ಏರಿಸಲು ಸಾಧ್ಯವೇ?

ಉತ್ತರ: ನಿಮ್ಮ ಯಂತ್ರದಲ್ಲಿ ಈ ವೇಗವನ್ನು ಆರಿಸಿದ್ದು ಕರ್ನಲ್ ಅಲ್ಲ. ಆ ಸಾಲು ಕರ್ನಲ್‌ನ ತೀರ್ಮಾನವಲ್ಲ, ಅದರ ವರದಿ. ಕರ್ನಲ್ ಮೆಮೊರಿಗೆ ಬರುವ ಮೊದಲೇ ಪ್ರೊಸೆಸರ್ ಕಡೆಯ ಪೋರ್ಟ್ ಮತ್ತು ನಿಮ್ಮ ಡ್ರೈವ್ ತಮ್ಮೊಳಗೇ ಮಾತಾಡಿಕೊಂಡು ಎರಡು ಲೇನ್, 8 ಜಿಟಿ ಎಂದು ಒಪ್ಪಂದ ಮಾಡಿಕೊಂಡಾಗಿತ್ತು. ಆಮೇಲೆ ಬಂದ ಕರ್ನಲ್ ಆ ಒಪ್ಪಂದವನ್ನು ಓದಿತು, ಡ್ರೈವ್‌ನ ಸಾಮರ್ಥ್ಯದೊಂದಿಗೆ ಹೋಲಿಸಿತು, ಇದು ಕಡಿಮೆಯಾಯಿತಲ್ಲ ಎಂದು ಬರೆದಿಟ್ಟಿತು. ಹೀಗಿರುವಾಗ ಕರ್ನಲ್ ಬದಲಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಲಿಂಕ್ ಸಮಸ್ಯೆಯಿಂದ ಬೇಸತ್ತವರು ವಾರಗಟ್ಟಲೆ ಬೂಟ್ ಸಾಲಿನ ಆಯ್ಕೆಗಳನ್ನು ತಿರುಚುತ್ತಾ ಕೂರುವುದನ್ನು ನಾನು ಬಹಳ ನೋಡಿದ್ದೇನೆ. ಸ್ಲಾಟ್‌ನ ಸ್ಕ್ರೂ ಬಿಚ್ಚಿ ನೋಡುವ ಯೋಚನೆ ಅವರಿಗೆ ಬರುವುದು ಎಲ್ಲಕ್ಕಿಂತ ಕೊನೆಗೆ.

ಆ ಒಪ್ಪಂದ ಹೇಗೆ ಆಗುತ್ತದೆ ಎಂಬುದರಿಂದಲೇ ಶುರು ಮಾಡೋಣ. ನಿಮ್ಮ ಎರಡೂ ತೊಂದರೆಗಳ ಬೇರು ಅಲ್ಲಿಯೇ ಇದೆ.

ಕಾರ್ಡ್‌ಗಳನ್ನು ಪ್ರೊಸೆಸರ್‌ಗೆ ಜೋಡಿಸುತ್ತಿದ್ದ ಹಳೆಯ ಪಿಸಿಐ ಬಸ್ ನಿಜವಾದ ಅರ್ಥದಲ್ಲಿ ಬಸ್ ಆಗಿತ್ತು. ಒಂದೇ ತಂತಿಗಳ ಸಾಲಿಗೆ ಹಲವು ಕಾರ್ಡ್‌ಗಳು ಅಂಟಿಕೊಂಡಿರುತ್ತಿದ್ದವು, ಸರದಿಯಲ್ಲಿ ಮಾತಾಡುತ್ತಿದ್ದವು. 2003ರ ಹೊತ್ತಿಗೆ ಬಂದ, ನಿಮ್ಮ ಡ್ರೈವ್ ಬಳಸುವ ಪಿಸಿಐ ಎಕ್ಸ್‌ಪ್ರೆಸ್ ಹೆಸರನ್ನೂ ಸಾಫ್ಟ್‌ವೇರ್ ಕಡೆಯ ನೋಟವನ್ನೂ ಉಳಿಸಿಕೊಂಡು ತಂತಿಗಳ ಮಟ್ಟದಲ್ಲಿ ಎಲ್ಲವನ್ನೂ ಬದಲಿಸಿತು. ಈಗಿರುವುದು ಇಬ್ಬರ ನಡುವಿನ ಖಾಸಗಿ ದಾರಿ. ಒಂದು ತುದಿಯಲ್ಲಿ ಪೋರ್ಟ್, ಇನ್ನೊಂದು ತುದಿಯಲ್ಲಿ ಸಾಧನ. ಆ ದಾರಿಯ ಪ್ರತಿಯೊಂದು ಲೇನ್‌ನಲ್ಲಿ ಹೋಗಲು ಒಂದು ಜೊತೆ ತಂತಿ, ಬರಲು ಒಂದು ಜೊತೆ. ನಾಲ್ಕು ಲೇನ್ ಎಂದರೆ ಒಟ್ಟು ಹದಿನಾರು ತಂತಿ.

ವಿದ್ಯುತ್ ಬಂದು ರೀಸೆಟ್ ಸಂಕೇತ ತೆರವಾದ ಕೂಡಲೇ ಎರಡೂ ತುದಿಯ ಚಿಪ್‌ಗಳು ಪತ್ತೆಯ ಹಂತಕ್ಕೆ ಇಳಿಯುತ್ತವೆ. ಆ ಕಡೆ ಯಾರಾದರೂ ಇದ್ದಾರೆಯೇ ಎಂದು ತಿಳಿಯಲು ಅವು ಮಾಡುವ ಪರೀಕ್ಷೆ ನನಗೆ ಈ ಇಡೀ ವ್ಯವಸ್ಥೆಯಲ್ಲೇ ಬಹಳ ಇಷ್ಟವಾದದ್ದು. ಮಣ್ಣಿನ ಮಡಕೆ ಕೊಳ್ಳುವಾಗ ಬೆರಳಿನಿಂದ ಬಡಿದು ಸದ್ದು ಕೇಳುತ್ತೇವಲ್ಲ, ಹಾಗೆ. ಪ್ರತಿ ಲೇನ್‌ನ ದಾರಿಯಲ್ಲಿ ಸಣ್ಣ ಕೆಪಾಸಿಟರ್‌ಗಳಿರುತ್ತವೆ. ಕಳುಹಿಸುವ ಚಿಪ್ ತನ್ನ ವೋಲ್ಟೇಜನ್ನು ಥಟ್ಟನೆ ಬದಲಿಸಿ, ತಂತಿ ಆ ಹೊಸ ಮಟ್ಟಕ್ಕೆ ಏರಲು ಎಷ್ಟು ಹೊತ್ತು ಹಿಡಿಯಿತು ಎಂದು ಅಳೆಯುತ್ತದೆ. ಆ ಕಡೆ ರಿಸೀವರ್ ಇದ್ದರೆ ಕೆಪಾಸಿಟರ್ ತುಂಬಬೇಕು, ಏರಿಕೆ ನಿಧಾನ. ಯಾರೂ ಇಲ್ಲದಿದ್ದರೆ ಏರಿಕೆ ಚುರುಕು. ಒಂದು ಬಿಟ್ ಮಾಹಿತಿಯೂ ವಿನಿಮಯವಾಗಿಲ್ಲ, ಆದರೂ ಎದುರಿಗೆ ಯಾರೋ ಇದ್ದಾರೆ ಎಂದು ಗೊತ್ತಾಯಿತು.

ಈ ಬಡಿತ ಪ್ರತಿ ಲೇನ್‌ಗೂ ಪ್ರತ್ಯೇಕ ಎಂಬುದನ್ನು ಗಮನಿಸಿ. ನಿಮ್ಮ ಪೋರ್ಟ್ ನಾಲ್ಕು ಲೇನ್‌ಗಳನ್ನು ಬಡಿದು ನೋಡಿದಾಗ ಸೊನ್ನೆ ಮತ್ತು ಒಂದನೆಯವು ಮಾತ್ರ ಸರಿಯಾಗಿ ದನಿಗೊಟ್ಟವು ಎಂದುಕೊಳ್ಳಿ. ಉಳಿದವನ್ನು ಬಿಟ್ಟು ಎರಡು ಲೇನ್‌ಗಳ ಲಿಂಕ್ ಕಟ್ಟಿಕೊಳ್ಳುತ್ತದೆ. ಮೂರು ಲೇನ್‌ಗಳ ಲಿಂಕ್ ಎಂಬುದಿಲ್ಲ. ಬಳಕೆಯಲ್ಲಿರುವ ಅಗಲಗಳು ಸಾಮಾನ್ಯವಾಗಿ 1, 2, 4, 8, 16 ಹೀಗೆ ದುಪ್ಪಟ್ಟಾಗುತ್ತಾ ಹೋಗುತ್ತವೆ. ಹಾಗಾಗಿ ನಾಲ್ಕನೆಯ ಲೇನ್ ಒಂದೇ ಒಂದು ಕೈಕೊಟ್ಟರೂ ನಿಮಗೆ ಸಿಗುವುದು ಅರ್ಧ. ಬ್ಯಾಂಡ್‌ವಿಡ್ತ್ ಅರ್ಧವಾಯಿತೆಂದರೆ ಅರ್ಧದಷ್ಟು ತಂತಿಗಳು ಹಾಳಾಗಿರಬೇಕು ಎಂದುಕೊಳ್ಳಬೇಡಿ. ಒಂದು ತಂತಿಯ ಒಂದು ಸ್ಪರ್ಶಬಿಂದು ಸಾಕು.

ಪತ್ತೆಯಾದ ಮೇಲೆ ಎರಡೂ ಕಡೆಯವರು ತರಬೇತಿ ಸರಣಿಗಳೆಂಬ ನಿಗದಿತ ಮಾದರಿಗಳನ್ನು ಒಬ್ಬರಿಗೊಬ್ಬರು ಕಳುಹಿಸುತ್ತಾರೆ. ಕೇಳಿಸಿಕೊಳ್ಳುವವನು ಅದರಿಂದ ಬಿಟ್‌ಗಳ ಲಯವನ್ನೂ ಅಕ್ಷರಗಳ ಗಡಿಯನ್ನೂ ಹಿಡಿಯುತ್ತಾನೆ. ಜೊತೆ ತಂತಿಗಳು ಅದಲುಬದಲಾಗಿದ್ದರೆ ಇಲ್ಲಿಯೇ ಸರಿಪಡಿಸಿಕೊಳ್ಳುತ್ತಾನೆ. ಬಳಿಕ ಲಿಂಕ್ ಸಂಖ್ಯೆ, ಲೇನ್ ಸಂಖ್ಯೆಗಳ ಹಂಚಿಕೆ. ಇವೆಲ್ಲ ನಡೆಯುವುದು 2.5 ಜಿಟಿಯಲ್ಲಿ, ಅಂದರೆ ಪ್ರತಿ ಲೇನ್‌ನಲ್ಲಿ ಸೆಕೆಂಡಿಗೆ 250 ಕೋಟಿ ಬಿಟ್‌ಗಳ ವೇಗದಲ್ಲಿ. ಎಷ್ಟೇ ಹೊಸ ಸಾಧನವಾದರೂ ಮೊದಲ ಮಾತು 2003ರ ವೇಗದಲ್ಲೇ ಆಗಬೇಕು. ಆಮೇಲೆ, ನಾನು ಇನ್ನೂ ಜೋರಾಗಿ ಓಡಬಲ್ಲೆ ಎಂದು ಇಬ್ಬರೂ ಹೇಳಿಕೊಂಡರೆ ವೇಗ ಏರುತ್ತದೆ. 2007ರ ಎರಡನೇ ಪೀಳಿಗೆಯಲ್ಲಿ 5, 2010ರ ಮೂರನೆಯದರಲ್ಲಿ 8, 2017ರ ನಾಲ್ಕನೆಯದರಲ್ಲಿ 16, 2019ರ ಐದನೆಯದರಲ್ಲಿ 32 ಜಿಟಿ.

8 ಜಿಟಿ ಮತ್ತು ಅದಕ್ಕೂ ಮೇಲಿನ ವೇಗಗಳಿಗೆ ಏರುವಾಗ ಈಕ್ವಲೈಸೇಶನ್ ಎಂಬ ಕಠಿಣ ಘಟ್ಟವಿದೆ. ಬೋರ್ಡಿನ ತಾಮ್ರದ ಗೆರೆಗಳಲ್ಲಿ ಸಾಗುವಾಗ ಸಂಕೇತದ ಅಂಚುಗಳು ಮೊಂಡಾಗುತ್ತವೆ. ಅದನ್ನು ಸರಿದೂಗಿಸಲು ಕಳುಹಿಸುವವನು ಯಾವ ಭಾಗವನ್ನು ಎಷ್ಟು ಒತ್ತಿ ಹೇಳಬೇಕು ಎಂದು ಕೇಳುವವನು ತಿಳಿಸುತ್ತಾನೆ, ಕಳುಹಿಸುವವನು ತಿದ್ದಿಕೊಳ್ಳುತ್ತಾನೆ. 8 ಜಿಟಿಗೆ ಒಮ್ಮೆ ಈ ಹೊಂದಾಣಿಕೆ, 16 ಜಿಟಿಗೆ ಮತ್ತೊಮ್ಮೆ. 2.5 ಜಿಟಿಯಲ್ಲಿ ಒಂದು ಬಿಟ್‌ಗೆ 400 ಪಿಕೊಸೆಕೆಂಡ್ ಸಮಯವಿರುತ್ತದೆ, 16 ಜಿಟಿಯಲ್ಲಿ ಬರೀ 62.5. ಕೆಳಗಿನ ವೇಗದಲ್ಲಿ ಯಾರ ಗಮನಕ್ಕೂ ಬಾರದ ಕೊಳೆ, ಸರಿಯಾಗಿ ಕೂರದ ಅಂಚು, ಉದ್ದವಾದ ರೈಸರ್ ಕೇಬಲ್ ಇವೆಲ್ಲ ಮೇಲಿನ ವೇಗದಲ್ಲಿ ಅಡ್ಡ ಬರುತ್ತವೆ. ಹೊಂದಾಣಿಕೆ ಕೂಡಿಬರದಿದ್ದರೆ, ಅಥವಾ ಕೂಡಿಬಂದ ಮೇಲೂ ತಪ್ಪುಗಳು ಹೆಚ್ಚಾದರೆ, ಹಾರ್ಡ್‌ವೇರ್ ತಾನೇ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ನಿಮ್ಮ ಲಿಂಕ್ 16ರ ಬದಲು 8ರಲ್ಲಿ ನಿಂತಿರುವುದು ಇಂಥ ಇಳಿತವಾಗಿರಬಹುದು. ಇಷ್ಟೆಲ್ಲಾ ಆಗುವಾಗ ಯಾವ ಕಾರ್ಯವ್ಯವಸ್ಥೆಯೂ ಚಿತ್ರದಲ್ಲಿಲ್ಲ.

ಇನ್ನು ಕರ್ನಲ್‌ನ ಪಾಲು. ಪಿಸಿಐಗೂ ಮುಂಚಿನ ಐಎಸ್‌ಎ ಬಸ್‌ನ ಕಾಲದಲ್ಲಿ ಡ್ರೈವರ್‌ಗಳು ಒಂದು ಪೋರ್ಟ್ ವಿಳಾಸಕ್ಕೆ ಏನನ್ನೋ ಬರೆದು, ಬಂದ ಉತ್ತರದಿಂದ ಇಲ್ಲಿ ಇಂಥ ಕಾರ್ಡ್ ಇರಬಹುದು ಎಂದು ಊಹಿಸುತ್ತಿದ್ದವು. ಆ ವಿಳಾಸದಲ್ಲಿ ಬೇರೆ ಕಾರ್ಡ್ ಇದ್ದರೆ ಯಂತ್ರ ಅಲ್ಲಿಗೇ ನಿಂತುಬಿಡುವ ಅಪಾಯವಿತ್ತು. ಪಿಸಿಐ ಈ ಊಹೆಯ ಕಾಲವನ್ನು ಮುಗಿಸಿತು. ಪ್ರತಿ ಸಾಧನಕ್ಕೂ ಕಾನ್ಫಿಗರೇಶನ್ ಪ್ರದೇಶ ಎಂಬ ನಿಗದಿತ ರೂಪದ ಪರಿಚಯಪತ್ರವಿದೆ. ಹಳೆಯ ಪಿಸಿಐನಲ್ಲಿ ಅದು 256 ಬೈಟ್, ಎಕ್ಸ್‌ಪ್ರೆಸ್‌ನಲ್ಲಿ 4096 ಬೈಟ್. ಅದರ ಮೊದಲ ಎರಡು ಬೈಟ್ ತಯಾರಕರ ಸಂಖ್ಯೆ. ಇಂಟೆಲ್‌ನದು 8086, ಅದರ ಹಳೆಯ ಪ್ರೊಸೆಸರ್‌ನ ಹೆಸರೇ. ಕರ್ನಲ್ ಒಂದು ವಿಳಾಸದಲ್ಲಿ ಈ ಸಂಖ್ಯೆಯನ್ನು ಕೇಳುತ್ತದೆ. ಅಲ್ಲಿ ಯಾರೂ ಇಲ್ಲದಿದ್ದರೆ ಎಲ್ಲ ಬಿಟ್‌ಗಳೂ 1 ಆಗಿ ಮರಳುತ್ತವೆ. ಅಂಥ ಸಂಖ್ಯೆಯನ್ನು ಯಾವ ತಯಾರಕರಿಗೂ ಕೊಟ್ಟಿಲ್ಲವಾದ್ದರಿಂದ ಅದನ್ನು ಖಾಲಿ ಎಂದು ಧೈರ್ಯವಾಗಿ ತೀರ್ಮಾನಿಸಬಹುದು.

ವಿಳಾಸದಲ್ಲಿ ಮೂರು ಭಾಗ: ಬಸ್, ಸಾಧನ, ಫಂಕ್ಷನ್. ನಿಮ್ಮ 00:06.0 ಎಂದರೆ ಸೊನ್ನೆಯ ಬಸ್‌ನ ಆರನೇ ಸಾಧನದ ಸೊನ್ನೆಯ ಫಂಕ್ಷನ್. ಅದರ ಹಿಂದಿನ 0000 ಡೊಮೇನ್. ಮನೆಯ ಯಂತ್ರಗಳಲ್ಲಿ ಅದಕ್ಕೆ ಮಹತ್ವ ಕಡಿಮೆ. ಕರ್ನಲ್ ಸೊನ್ನೆಯ ಬಸ್‌ನಿಂದ ಹೊರಟು ಒಂದೊಂದನ್ನೇ ಕೇಳುತ್ತಾ ಹೋಗುತ್ತದೆ. ಒಂದು ಬಸ್‌ನಿಂದ ಇನ್ನೊಂದಕ್ಕೆ ಸೇತುವೆಯಾದ ಬ್ರಿಡ್ಜ್ ಸಿಕ್ಕರೆ ಅದರ ಆಚೆಗಿನ ಬಸ್‌ಗೆ ಹೊಸ ಸಂಖ್ಯೆ ಗೊತ್ತುಮಾಡಿ ಒಳಗಿಳಿದು, ಅಲ್ಲಿರುವುದನ್ನೆಲ್ಲ ಮುಗಿಸಿ ಮೇಲೆ ಬರುತ್ತದೆ. ನಿಮ್ಮ ಮಾದರಿಯ ಡೆಸ್ಕ್‌ಟಾಪ್‌ಗಳಲ್ಲಿ ಫರ್ಮ್‌ವೇರ್ (ಬೋರ್ಡಿನ ಚಿಪ್‌ನಲ್ಲೇ ಇರುವ ಬಯೋಸ್‌ನಂಥ ತಂತ್ರಾಂಶ) ಈ ಓಡಾಟವನ್ನು ಮೊದಲೇ ಮಾಡಿ ಸಂಖ್ಯೆಗಳನ್ನು ತುಂಬಿಟ್ಟಿರುತ್ತದೆ. ಅವು ಸರಿಯಾಗಿ ಕಂಡರೆ ಲಿನಕ್ಸ್ ಹಾಗೆಯೇ ಇಟ್ಟುಕೊಳ್ಳುತ್ತದೆ. ಎಕ್ಸ್‌ಪ್ರೆಸ್ ಲಿಂಕ್‌ನ ಆಚೆ ತುದಿಯಲ್ಲಿ ಒಬ್ಬನೇ ಇರಲು ಸಾಧ್ಯವಾದ್ದರಿಂದ ರೂಟ್ ಪೋರ್ಟ್‌ನ (ಪ್ರೊಸೆಸರ್ ಕಡೆಯ ಪೋರ್ಟ್‌ನ) ಕೆಳಗೆ ಸೊನ್ನೆಯ ಸಾಧನವನ್ನಷ್ಟೇ ಕೇಳಿ ಮುಂದೆ ಸಾಗುತ್ತದೆ.

ನಿಮ್ಮ ಬೆಳಗಿನ ತೊಂದರೆಗೆ ಬೇಕಾದ ಒಂದು ವಿವರ ಇಲ್ಲಿದೆ. ಸಾಧನ ಇದೆ, ಲಿಂಕ್ ಎದ್ದಿದೆ, ಆದರೆ ಒಳಗಿನ ನಿಯಂತ್ರಕ ಇನ್ನೂ ಸಿದ್ಧವಾಗಿಲ್ಲ ಎಂಬ ಸ್ಥಿತಿಯೂ ಉಂಟು. ಆಗ ಅದು ಈಗ ಬೇಡ, ಮತ್ತೆ ಕೇಳು ಎಂಬ ವಿಶೇಷ ಉತ್ತರ ಕೊಡಬಹುದು. ಈ ಸೌಲಭ್ಯವನ್ನು ಸಕ್ರಿಯಗೊಳಿಸಿದ್ದರೆ ಕರ್ನಲ್‌ಗೆ ತಯಾರಕರ ಸಂಖ್ಯೆಯ ಜಾಗದಲ್ಲಿ 1 ಎಂಬ ಗುರುತು ಕಾಣುತ್ತದೆ. ಲಿನಕ್ಸ್ ಕಾಯುತ್ತದೆ, ಕಾಯುವ ಅಂತರವನ್ನು ದುಪ್ಪಟ್ಟು ಮಾಡುತ್ತಾ ಮತ್ತೆ ಮತ್ತೆ ಕೇಳುತ್ತದೆ, ಹುಡುಕಾಟದ ಹೊತ್ತಿನಲ್ಲಿ 60 ಸೆಕೆಂಡಿನವರೆಗೂ ತಾಳುತ್ತದೆ. ಆದರೆ ಈ ತಾಳ್ಮೆಯೆಲ್ಲ ಸಿದ್ಧವಾಗಿಲ್ಲ ಎಂದು ಹೇಳುವಷ್ಟಾದರೂ ದನಿ ಇರುವ ಸಾಧನಕ್ಕೆ. ಲಿಂಕ್ ಏಳದೇ ಇದ್ದರೆ ಬರುವುದು ಎಲ್ಲ 1ಗಳ ಮೌನ. ಅದನ್ನು ಕರ್ನಲ್ ಖಾಲಿ ಸ್ಲಾಟ್ ಎಂದೇ ಓದುತ್ತದೆ, ಒಂದು ಸಾಲಿನ ಎಚ್ಚರಿಕೆಯೂ ಲಾಗ್‌ಗೆ ಬರುವುದಿಲ್ಲ. ಡ್ರೈವ್ ಕಾಣದ ಬೆಳಗ್ಗೆ ನಿಮ್ಮ ಲಾಗ್‌ನಲ್ಲಿ ಅದರ ಹೆಸರೇ ಇಲ್ಲದಿದ್ದರೆ ಆಶ್ಚರ್ಯಪಡಬೇಡಿ. ಆ ಮೌನವೇ ಒಂದು ಸುಳಿವು.

ಈಗ ನೀವು ಕಳಿಸಿದ ಸಾಲನ್ನು ಬಿಡಿಸೋಣ. ಪರಿಚಯಪತ್ರದೊಳಗೆ ಎಕ್ಸ್‌ಪ್ರೆಸ್‌ಗೆ ಮೀಸಲಾದ ಭಾಗದಲ್ಲಿ ಎರಡು ರಿಜಿಸ್ಟರ್‌ಗಳು, ಅಂದರೆ ಚಿಪ್‌ನೊಳಗಿನ ಪುಟ್ಟ ದಾಖಲೆಯ ಜಾಗಗಳು, ಇವೆ. ಲಿಂಕ್ ಕೇಪಬಿಲಿಟೀಸ್ ಎಂಬುದು ನಾನು ಎಷ್ಟು ಮಾಡಬಲ್ಲೆ ಎನ್ನುತ್ತದೆ, ಲಿಂಕ್ ಸ್ಟೇಟಸ್ ಎಂಬುದು ಸದ್ಯ ಎಷ್ಟು ನಡೆಯುತ್ತಿದೆ ಎನ್ನುತ್ತದೆ. ಸಾಧನವನ್ನು ಪಟ್ಟಿಗೆ ಸೇರಿಸಿಕೊಳ್ಳುವಾಗ ಕರ್ನಲ್ ಅದರಿಂದ ರೂಟ್ ಪೋರ್ಟ್‌ವರೆಗೆ ಮೇಲೇರುತ್ತಾ ಪ್ರತಿ ಹಂತದ ಲಿಂಕ್ ಸ್ಟೇಟಸ್ ಓದುತ್ತದೆ, ಎಲ್ಲಕ್ಕಿಂತ ಕಿರಿದಾದ ದಾರಿ ಯಾವುದೆಂದು ಗುರುತಿಸುತ್ತದೆ. 8 ಜಿಟಿಯಲ್ಲಿ ಪ್ರತಿ 130 ಬಿಟ್‌ಗಳಲ್ಲಿ 128 ಮಾತ್ರ ನಿಜವಾದ ಸರಕು. ಹಾಗಾಗಿ ಒಂದು ಲೇನ್‌ಗೆ 7.876 ಗಿಗಾಬಿಟ್, ಎರಡಕ್ಕೆ 15.752. ನಿಮ್ಮ ಸಂಖ್ಯೆ ಬಂದದ್ದು ಹೀಗೆ. ಇದು ಅಳೆದ ವೇಗವಲ್ಲ, ಎರಡು ಅಂಕಿಗಳ ಗುಣಾಕಾರ. ಡ್ರೈವ್ ಬಿಟ್ಟು ಪೋರ್ಟ್‌ನ ವಿಳಾಸ ಬಂದದ್ದಕ್ಕೂ ಕಾರಣ ಸರಳ. ಒಂದೇ ಲಿಂಕ್‌ನ ಎರಡೂ ತುದಿಗಳು ಒಂದೇ ಮೌಲ್ಯ ತೋರಿಸುತ್ತವೆ, ಸಮನಾಗಿದ್ದಾಗ ಕರ್ನಲ್ ಮೇಲಿನ ತುದಿಯನ್ನು ಹೆಸರಿಸುತ್ತದೆ. 00:06.0 ಕಂಡಮಾತ್ರಕ್ಕೆ ಪೋರ್ಟ್ ಕೆಟ್ಟಿದೆ ಎಂದಲ್ಲ.

ಆ ಸಾಲಿನ ಕೊನೆಯ ಭಾಗ ಅನೇಕರನ್ನು ದಾರಿ ತಪ್ಪಿಸುತ್ತದೆ. 63.012 ಸಾಧ್ಯವಿತ್ತು ಎನ್ನುವಾಗ ಕರ್ನಲ್ ನೋಡಿರುವುದು ಡ್ರೈವ್‌ನ ಸಾಮರ್ಥ್ಯವನ್ನು ಮಾತ್ರ. ಸ್ಲಾಟ್‌ಗೆ ಆ ಶಕ್ತಿ ಇದೆಯೇ ಎಂದು ಆ ವಾಕ್ಯ ಹೇಳುವುದಿಲ್ಲ. ಎಷ್ಟೋ ಮದರ್‌ಬೋರ್ಡ್‌ಗಳಲ್ಲಿ ಇಂಥ ಡ್ರೈವ್ ಕೂರುವ ಎಂ.2 ಸ್ಲಾಟ್‌ಗಳ ಪೈಕಿ ಎರಡನೆಯದಕ್ಕೆ ಎರಡೇ ಲೇನ್ ಎಳೆದಿರುತ್ತಾರೆ, ಅಥವಾ ಬೇರೊಂದು ಸ್ಲಾಟ್ ತುಂಬಿದಾಗ ಲೇನ್‌ಗಳು ಹಂಚಿಹೋಗುತ್ತವೆ. ಹಾಗಿದ್ದರೆ ನಿಮ್ಮ ಲಿಂಕ್ ಪೂರ್ಣ ಆರೋಗ್ಯವಾಗಿದೆ, ಎರಡು ಲೇನೇ ಅದರ ಮಿತಿ. ಆದ್ದರಿಂದ ಮೊದಲು ಪೋರ್ಟ್‌ನ ಸಾಮರ್ಥ್ಯ ಓದಿ. ಕರ್ನಲ್ ತನ್ನ ಮಾಹಿತಿಯನ್ನು ಕಡತಗಳ ರೂಪದಲ್ಲಿ ತೋರಿಸುವ ಸಿಸ್‌ಎಫ್‌ಎಸ್‌ನಲ್ಲಿ 0000:00:06.0ರ ಫೋಲ್ಡರ್ ಒಳಗೆ ಗರಿಷ್ಠ ಲಿಂಕ್ ವೇಗ, ಗರಿಷ್ಠ ಅಗಲ, ಈಗಿನ ವೇಗ, ಈಗಿನ ಅಗಲ ಎಂಬ ಅರ್ಥದ ನಾಲ್ಕು ಕಡತಗಳಿವೆ. ಪಿಸಿಐ ಸಾಧನಗಳ ಪಟ್ಟಿ ಕೊಡುವ ಎಲ್‌ಎಸ್‌ಪಿಸಿಐ ಆಜ್ಞೆಯನ್ನು ಹೆಚ್ಚಿನ ವಿವರ ಕೇಳಿ ಓಡಿಸಿದರೂ ಇವೇ ಸಿಗುತ್ತವೆ. ಪೋರ್ಟ್‌ನ ಗರಿಷ್ಠವೇ 8 ಜಿಟಿ, 2 ಲೇನ್ ಎಂದಿದ್ದರೆ ವೇಗದ ವಿಚಾರ ಅಲ್ಲಿಗೆ ಮುಗಿಯಿತು. ಬೆಳಗಿನ ತೊಂದರೆ ಒಂದೇ ಉಳಿಯುತ್ತದೆ. 16 ಜಿಟಿ, 4 ಲೇನ್ ಎಂದಿದ್ದರೆ ನಿಮ್ಮ ಲಿಂಕ್ ನಿಜವಾಗಿಯೂ ಕೆಳಗಿಳಿದಿದೆ.

ಕರ್ನಲ್ ಬರೀ ಓದುಗ ಎಂದು ಹೇಳಿದ್ದಕ್ಕೆ ಕೆಲವು ಅಪವಾದಗಳಿವೆ. ದೊಡ್ಡ ಅಪವಾದ ಆರ್ಮ್ ಪ್ರೊಸೆಸರ್‌ನ ಬೋರ್ಡ್‌ಗಳದ್ದು. ಅಲ್ಲಿ ಅನೇಕ ಕಡೆ ಗಡಿಯಾರ, ವಿದ್ಯುತ್, ರೀಸೆಟ್ ಎಲ್ಲವನ್ನೂ ಕರ್ನಲ್‌ನ ಕಂಟ್ರೋಲರ್ ಡ್ರೈವರ್ ತಾನೇ ಸರಿಯಾದ ಕ್ರಮದಲ್ಲಿ ಕೊಟ್ಟು ತರಬೇತಿಯನ್ನು ಶುರು ಮಾಡಿಸಬೇಕು. ಬಹಳ ಚಿಪ್‌ಗಳಲ್ಲಿರುವ ಡಿಸೈನ್‌ವೇರ್ ಕಂಟ್ರೋಲರ್‌ನ ಡ್ರೈವರ್ ಸುಮಾರು 90ರಿಂದ 100 ಮಿಲಿಸೆಕೆಂಡ್‌ಗಳ ಅಂತರದಲ್ಲಿ ಹತ್ತು ಸಲ ಇಣುಕಿ ನೋಡುತ್ತದೆ, ಆಗಲೂ ಲಿಂಕ್ ಎದ್ದಿರದಿದ್ದರೆ ಕೈಬಿಡುತ್ತದೆ. ಅಂಥದೇ ಪುಟ್ಟ ಕಂಪ್ಯೂಟರ್ ಆದ ರಾಸ್ಪ್‌ಬೆರಿ ಪೈ 5ರ ಹೊರ ಕನೆಕ್ಟರ್ ಎರಡನೇ ಪೀಳಿಗೆಯ ಒಂದೇ ಲೇನ್‌ನದು. ಕಾನ್ಫಿಗ್ ಕಡತದ ಒಂದು ಸಾಲಿನಿಂದ ಅದನ್ನು ಮೂರನೇ ಪೀಳಿಗೆಗೆ ಏರಿಸಬಹುದು, ಆದರೆ ಆ ವೇಗಕ್ಕೆ ಬೋರ್ಡ್ ಪ್ರಮಾಣೀಕೃತವಲ್ಲ. ಅಲ್ಲಿ ಸಾಫ್ಟ್‌ವೇರ್‌ನಿಂದ ವೇಗ ಏರಿಸಿದವರು ಡೆಸ್ಕ್‌ಟಾಪ್‌ನಲ್ಲೂ ಅದೇ ನಡೆಯುತ್ತದೆ ಎಂದು ನಂಬಿ ಬರುತ್ತಾರೆ.

ಡೆಸ್ಕ್‌ಟಾಪ್‌ನಲ್ಲೂ ಕರ್ನಲ್ ಕೆಲವೊಮ್ಮೆ ಲಿಂಕ್‌ಗೆ ಮರುತರಬೇತಿ ಕೊಡಿಸುತ್ತದೆ. ಎರಡೂ ತುದಿಗಳು ಒಂದೇ ಗಡಿಯಾರ ಬಳಸುತ್ತಿವೆ ಎಂದು ತಿಳಿದಾಗ ಅದನ್ನು ದಾಖಲಿಸಿ, ಲಿಂಕ್ ಕಂಟ್ರೋಲ್ ರಿಜಿಸ್ಟರ್‌ನ ಒಂದು ಬಿಟ್ ಎತ್ತಿ, ಇನ್ನೊಮ್ಮೆ ಮಾತಾಡಿಕೊಳ್ಳಿ ಎನ್ನುತ್ತದೆ. 2023ರ ಲಿನಕ್ಸ್ ಕರ್ನಲ್ 6.5ನೇ ಆವೃತ್ತಿಯಲ್ಲಿ ಇನ್ನೊಂದು ಪ್ರಯತ್ನ ಸೇರಿತು. ರಿಸ್ಕ್-ವಿ ಎಂಬ ಮಾದರಿಯ ಪ್ರೊಸೆಸರ್ ಇರುವ ಬೋರ್ಡ್ ಒಂದರಲ್ಲಿ ಎರಡು ಸ್ವಿಚ್ ಚಿಪ್‌ಗಳು ಪರಸ್ಪರ ಹೊಂದದೆ ಕೊನೆಯಿಲ್ಲದಂತೆ ತರಬೇತಿಯಲ್ಲೇ ಸುತ್ತುತ್ತಿದ್ದವು. ಅಂಥ ಲಿಂಕನ್ನು ಕರ್ನಲ್ 2.5 ಜಿಟಿಗೆ ಕಟ್ಟಿಹಾಕಿ ಎಬ್ಬಿಸಿ, ಎದ್ದ ಮೇಲೆ ಕಟ್ಟು ಬಿಚ್ಚುತ್ತದೆ. ಒಳ್ಳೆಯ ಉಪಾಯ. ಆದರೂ ಅಡ್ಡಪರಿಣಾಮವಾಯಿತು. ಡ್ರೈವ್ ಕಳಚಿದ ಮೇಲೆ ಉಳಿದ ಹಳೆಯ ಗುರುತನ್ನೇ ವಿಫಲ ತರಬೇತಿ ಎಂದು ತಿಳಿದು, ಆಮೇಲೆ ಹಾಕಿದ ಸಾಧನಗಳನ್ನೂ 2.5ರಲ್ಲೇ ನಿಲ್ಲಿಸಿದ ಪ್ರಸಂಗಗಳು ವರದಿಯಾದವು, ನಂತರ ತಿದ್ದುಪಡಿಗಳು ಬಂದವು. ನಿಮ್ಮದು 8ರಲ್ಲಿ ನಿಂತಿದೆ, 2.5ರಲ್ಲಿ ಅಲ್ಲ. ಹಾಗಾಗಿ ಈ ಅನುಮಾನವನ್ನು ಪಕ್ಕಕ್ಕಿಡಬಹುದು.

ಓಡುತ್ತಿರುವ ಲಿಂಕ್‌ನ ವೇಗ ಬದಲಾದಾಗ ಎಚ್ಚರಿಸುವ ಕೆಲಸವೂ ಅಂದುಕೊಂಡಷ್ಟು ಸುಲಭವಾಗಲಿಲ್ಲ. 2019ರ 5.1ನೇ ಆವೃತ್ತಿಯಲ್ಲಿ ಪ್ರತಿ ಇಳಿತಕ್ಕೂ ಲಾಗ್ ಬರೆಯುವ ವ್ಯವಸ್ಥೆ ಬಂತು. ಗ್ರಾಫಿಕ್ಸ್ ಕಾರ್ಡ್‌ನಂಥವು ಕೆಲಸವಿಲ್ಲದಾಗ ವಿದ್ಯುತ್ ಉಳಿಸಲು ತಾವಾಗಿಯೇ ನಿಧಾನವಾಗುತ್ತವೆ, ಕೆಲಸ ಬಂದಾಗ ವೇಗ ಪಡೆಯುತ್ತವೆ. ಲಾಗ್ ತುಂಬಿ ಹರಿಯಿತು, 2021ರಲ್ಲಿ ಆ ಕೋಡನ್ನು ಕಿತ್ತುಹಾಕಲಾಯಿತು. 2025ರ ಜನವರಿಯಲ್ಲಿ ಬಂದ 6.13ರಲ್ಲಿ ಅದೇ ಯೋಚನೆ ಬೇರೆ ರೂಪದಲ್ಲಿ ಮರಳಿದೆ. ಈಗ ಕೂಗಿ ಹೇಳುವ ಬದಲು ಕರ್ನಲ್ ತನ್ನೊಳಗಿನ ಲೆಕ್ಕವನ್ನು ಸುಮ್ಮನೆ ಸರಿಪಡಿಸಿಕೊಳ್ಳುತ್ತದೆ, ಬಿಸಿ ಹೆಚ್ಚಾದಾಗ ಲಿಂಕ್‌ನ ವೇಗ ತಗ್ಗಿಸುವ ದಾರಿಯನ್ನೂ ಒದಗಿಸುತ್ತದೆ. ಯಂತ್ರ ಸುಮ್ಮನಿರುವಾಗ ಗ್ರಾಫಿಕ್ಸ್ ಕಾರ್ಡ್ 2.5 ಜಿಟಿ ತೋರಿಸಿದರೆ ಗಾಬರಿ ಬೇಡ. ಅದು ರೋಗವಲ್ಲ, ವಿಶ್ರಾಂತಿ.

ಎಎಸ್‌ಪಿಎಂ ಆಫ್ ಎಂದು ಬರೆದು ನೋಡಿದಿರಿ ಎಂದಿರಿ. ಈ ಆಯ್ಕೆಯ ಹೆಸರೇ ತಪ್ಪು ಅರ್ಥ ಕೊಡುತ್ತದೆ. ಎಎಸ್‌ಪಿಎಂ ಎಂದರೆ ಬಿಡುವಿದ್ದಾಗ ಲಿಂಕನ್ನು ನಿದ್ರೆಗೆ ಕಳಿಸುವ ವ್ಯವಸ್ಥೆ. ಆಫ್ ಎಂದರೆ ಕರ್ನಲ್ ಅದನ್ನು ನಿಲ್ಲಿಸುತ್ತದೆ ಎಂದು ಎಲ್ಲರೂ ತಿಳಿಯುತ್ತಾರೆ. ನಿಜವಾಗಿ ಆಗುವುದು ಬೇರೆ: ಕರ್ನಲ್ ಅದನ್ನು ಮುಟ್ಟುವುದೇ ಇಲ್ಲ, ಫರ್ಮ್‌ವೇರ್ ಹೇಗೆ ಇಟ್ಟಿತ್ತೋ ಹಾಗೆಯೇ ಬಿಡುತ್ತದೆ. ಫರ್ಮ್‌ವೇರ್ ನಿದ್ರೆಯನ್ನು ಸಕ್ರಿಯವಾಗಿಟ್ಟಿದ್ದರೆ ಲಿಂಕ್ ಈಗಲೂ ಮಲಗುತ್ತಿರುತ್ತದೆ. ನಿಜವಾಗಿಯೂ ನಿಲ್ಲಿಸಬೇಕಿದ್ದರೆ ಆ ಆಯ್ಕೆ ತೆಗೆದು, ನೀತಿಯನ್ನು ಪರ್ಫಾರ್ಮೆನ್ಸ್ ಎಂದು ಇಡಬೇಕು. ಏನೇ ಇರಲಿ, ನಿದ್ರೆಯಿಂದ ಲೇನ್‌ಗಳ ಅಗಲ ಅರ್ಧವಾಗುವುದಿಲ್ಲ. ಆ ಆಯ್ಕೆಯನ್ನು ತೆಗೆದುಬಿಡಿ.

ಬಲವಂತವಾಗಿ ಏರಿಸಬಹುದೇ ಎಂದು ಕೇಳಿದ್ದೀರಿ. ವೇಗವನ್ನು ಕೇಳಿಕೊಳ್ಳಬಹುದು. ಪೋರ್ಟ್‌ನಲ್ಲಿ ಗುರಿವೇಗ ಬರೆದು ಮರುತರಬೇತಿಯ ಬಿಟ್ ಎತ್ತಿದರೆ ಚಿಪ್‌ಗಳು ಮತ್ತೊಮ್ಮೆ ಪ್ರಯತ್ನಿಸುತ್ತವೆ, ಸಂಕೇತ ಚೆನ್ನಾಗಿಲ್ಲದಿದ್ದರೆ ಮತ್ತೆ ಇಳಿಯುತ್ತವೆ. ಅಗಲದ ಮಾತು ಬೇರೆ. ಎದ್ದಿರುವ ಲಿಂಕ್ ತನ್ನ ಮೊದಲ ಒಪ್ಪಂದದ ಅಗಲಕ್ಕಿಂತ ಹೆಚ್ಚು ಅಗಲವಾಗಲಾರದು. ಎರಡು ಲೇನ್ ಎಂದು ಕಟ್ಟಿಕೊಂಡದ್ದು ನಾಲ್ಕಾಗಬೇಕಾದರೆ ಮತ್ತೆ ಪತ್ತೆಯ ಹಂತಕ್ಕೆ, ಆ ಮಡಕೆ ಬಡಿಯುವ ಘಟ್ಟಕ್ಕೆ, ಹಿಂದಿರುಗಬೇಕು. ಅದಕ್ಕೆ ಪೋರ್ಟ್‌ನ ಕೆಳಗಿನ ಬಸ್‌ಗೆ ರೀಸೆಟ್ ಕೊಡಬೇಕು ಅಥವಾ ವಿದ್ಯುತ್ ತೆಗೆಯಬೇಕು. ಅಲ್ಲಿಯೂ ಮೂರನೇ ಲೇನ್ ದನಿಗೊಡದಿದ್ದರೆ ಫಲ ಅದೇ.

ತಪ್ಪುಗಳ ಲೆಕ್ಕವೂ ನಿಮಗೆ ನೆರವಾಗುತ್ತದೆ. ಪ್ರತಿ ಪ್ಯಾಕೆಟ್‌ಗೂ ಕ್ರಮಸಂಖ್ಯೆ ಮತ್ತು ಪರೀಕ್ಷಾ ಸಂಖ್ಯೆ ಇರುತ್ತವೆ. ಪರೀಕ್ಷೆಯಲ್ಲಿ ಸೋತದ್ದನ್ನು ಹಾರ್ಡ್‌ವೇರ್ ಮತ್ತೆ ಕಳಿಸುತ್ತದೆ. ಒಂದೇ ಪ್ಯಾಕೆಟ್ ಪದೇ ಪದೇ ಸೋತರೆ ಲಿಂಕ್ ತಾನೇ ಮರುತರಬೇತಿಗೆ ಹೋಗುತ್ತದೆ. ನಿಮ್ಮ ಕಡತ ಕೆಡುವುದಿಲ್ಲ, ಹೊತ್ತು ಮಾತ್ರ ಹೋಗುತ್ತದೆ. ಇಂಥ ಸರಿಪಡಿಸಿದ ತಪ್ಪುಗಳನ್ನು ಎಇಆರ್ ಎಂಬ ವ್ಯವಸ್ಥೆ ಎಣಿಸಿಡುತ್ತದೆ. ಡ್ರೈವ್‌ನ ಸಿಸ್‌ಎಫ್‌ಎಸ್ ಫೋಲ್ಡರ್‌ನಲ್ಲಿ ಆ ಎಣಿಕೆಯ ಕಡತವಿರುತ್ತದೆ. ಫರ್ಮ್‌ವೇರ್ ಈ ಅಧಿಕಾರವನ್ನು ಕರ್ನಲ್‌ಗೆ ಬಿಟ್ಟುಕೊಡದ ಯಂತ್ರಗಳಲ್ಲಿ ಕಡತ ಕಾಣದಿರಬಹುದು. ಇದ್ದರೆ, ದೊಡ್ಡ ಕಡತವೊಂದನ್ನು ನಕಲು ಮಾಡುವ ಮೊದಲು ಮತ್ತು ಆಮೇಲೆ ನೋಡಿ. ರಿಸೀವರ್ ದೋಷ, ಕೆಟ್ಟ ಪ್ಯಾಕೆಟ್ ಎಂಬ ಸಾಲುಗಳು ಏರುತ್ತಿದ್ದರೆ ಲಿಂಕ್ 8 ಜಿಟಿಯಲ್ಲೂ ಕಷ್ಟಪಡುತ್ತಿದೆ ಎಂದರ್ಥ.

ನನ್ನ ಅಂದಾಜು ಹೇಳುತ್ತೇನೆ. ಪೋರ್ಟ್‌ನ ಗರಿಷ್ಠ 16 ಜಿಟಿ, 4 ಲೇನ್ ಎಂದೇ ಇದ್ದರೆ, ವೇಗವೂ ಅಗಲವೂ ಒಟ್ಟಿಗೆ ಇಳಿದಿರುವುದು, ತಣ್ಣಗಿರುವಾಗ ಡ್ರೈವ್ ಕಾಣದಿರುವುದು, ಬಿಸಿಯಾದ ಮೇಲೆ ಬರುವುದು, ಈ ಮೂರೂ ಸೇರಿದರೆ ನಾನು ಮೊದಲು ನೋಡುವುದು ಸ್ಪರ್ಶಬಿಂದುಗಳನ್ನು. ಎಂ.2 ಕನೆಕ್ಟರ್‌ನಲ್ಲಿ ಬಿಂದುಗಳ ನಡುವಿನ ಅಂತರ ಅರ್ಧ ಮಿಲಿಮೀಟರ್. 80 ಮಿಲಿಮೀಟರ್ ಉದ್ದದ ಡ್ರೈವ್‌ನ ಬಾಲ ತುಸು ಮೇಲೆದ್ದು ನಿಂತಿದ್ದರೂ ತಲೆಯ ಕಡೆಯ ಬಿಂದುಗಳು ಓರೆಯಾಗುತ್ತವೆ. ನಾನೊಮ್ಮೆ ಎರಡು ದಿನ ಲಾಗ್ ಓದಿ ತಲೆಕೆಡಿಸಿಕೊಂಡ ಯಂತ್ರದಲ್ಲಿ ಇದ್ದದ್ದು ಎತ್ತರ ತಪ್ಪಿದ ಒಂದು ಸ್ಟ್ಯಾಂಡ್ಆಫ್, ಅಂದರೆ ಡ್ರೈವ್‌ನ ಬಾಲ ಕೂರುವ ಪುಟ್ಟ ಕಂಬ. ಅದನ್ನು ಬದಲಿಸಿದ ಮೇಲೆ ನಾಲ್ಕೂ ಲೇನ್ ಬಂದವು.

ಹಾಗಾಗಿ ಯಂತ್ರ ಆಫ್ ಮಾಡಿ, ಪ್ಲಗ್ ಕಿತ್ತು, ಡ್ರೈವ್ ಹೊರತೆಗೆಯಿರಿ. ಅಂಚಿನ ಚಿನ್ನದ ಪಟ್ಟಿಗಳನ್ನು ಐಸೊಪ್ರೊಪಿಲ್ ಆಲ್ಕೋಹಾಲ್ ತಾಗಿಸಿದ, ಎಳೆ ಬಿಡದ ಬಟ್ಟೆಯಿಂದ ಒರೆಸಿ, ಒಣಗಲು ಬಿಡಿ. ಸ್ಲಾಟ್ ಒಳಗಿನ ದೂಳನ್ನು ಗಾಳಿಯಿಂದ ತೆಗೆಯಿರಿ. ಡ್ರೈವ್ ಕೊನೆಯವರೆಗೂ ಒಳಹೋಗಿ ಮಲಗಿದೆಯೇ, ಹೀಟ್‌ಸಿಂಕ್ ಅದನ್ನು ಒಂದು ಬದಿಗೆ ಒತ್ತುತ್ತಿದೆಯೇ ಎಂದು ನೋಡಿ ಸ್ಕ್ರೂ ಹಾಕಿ. ಬೋರ್ಡಿನ ಕೈಪಿಡಿಯಲ್ಲಿ ಈ ಸ್ಲಾಟ್‌ನ ಲೇನ್ ಹಂಚಿಕೆಯನ್ನೂ ಓದಿ.

ಡ್ರೈವ್ ಮತ್ತೆ ಕಾಣದ ಬೆಳಗ್ಗೆ ತಕ್ಷಣ ರೀಸ್ಟಾರ್ಟ್ ಮಾಡಬೇಡಿ. ಮೊದಲು ಎಲ್‌ಎಸ್‌ಪಿಸಿಐನಲ್ಲಿ 00:06.0 ಇದೆಯೇ ನೋಡಿ. ಪೋರ್ಟ್ ಇದ್ದು ಡ್ರೈವ್ ಇಲ್ಲದಿದ್ದರೆ ಸಿಸ್‌ಎಫ್‌ಎಸ್‌ನ ಪಿಸಿಐ ಫೋಲ್ಡರ್‌ನಲ್ಲಿರುವ ರೀಸ್ಕ್ಯಾನ್ ಕಡತಕ್ಕೆ 1 ಎಂದು ಬರೆಯಿರಿ. ಕರ್ನಲ್ ಮತ್ತೊಮ್ಮೆ ಹುಡುಕುತ್ತದೆ. ಆಗ ಡ್ರೈವ್ ಬಂದರೆ ಅದು ತಡವಾಗಿ ಎದ್ದಿದೆ ಎಂದಾಯಿತು. ಡ್ರೈವ್‌ನ ಮತ್ತು ಬೋರ್ಡಿನ ಫರ್ಮ್‌ವೇರ್ ನವೀಕರಿಸಿ ನೋಡುವುದಕ್ಕೆ ಆಗ ಅರ್ಥವಿದೆ. ಪೋರ್ಟೇ ಕಾಣದಿದ್ದರೆ, ಬೂಟ್ ಹೊತ್ತಿನಲ್ಲಿ ಲಿಂಕ್ ಏಳದ ಕಾರಣ ಫರ್ಮ್‌ವೇರ್ ಆ ಪೋರ್ಟನ್ನು ಖಾಲಿಯೆಂದು ಮರೆಮಾಡಿರುವ ಸಂಭವ ಹೆಚ್ಚು. ಇಲ್ಲದ ಪೋರ್ಟ್‌ನ ಕೆಳಗೆ ಕರ್ನಲ್ ಎಷ್ಟು ಹುಡುಕಿದರೂ ಏನೂ ಸಿಗದು.

ಇಷ್ಟಾದರೂ ಸಂಖ್ಯೆಗಳು ಬದಲಾಗದಿದ್ದರೆ ಡ್ರೈವನ್ನು ನಾಲ್ಕು ಲೇನ್ ಇರುವ ಇನ್ನೊಂದು ಸ್ಲಾಟ್‌ಗೆ, ಸಾಧ್ಯವಾದರೆ ಸ್ನೇಹಿತರ ಯಂತ್ರಕ್ಕೆ ಹಾಕಿ ನೋಡಿ. ಎರಡು ಲೇನ್ ಎಂಬ ಅಂಕಿ ಡ್ರೈವ್ ಹೋದಲ್ಲೆಲ್ಲಾ ಹಿಂಬಾಲಿಸಿದರೆ ಡ್ರೈವನ್ನು ವಾರಂಟಿಗೆ ಕಳುಹಿಸಿ. ಅಂಕಿ ಆ ಸ್ಲಾಟ್‌ನಲ್ಲೇ ಉಳಿದರೆ ಬೋರ್ಡನ್ನು ಕಳುಹಿಸಿ. ಕಳುಹಿಸುವವರೆಗೆ ಡ್ರೈವ್ ಬಳಸಲೇಬೇಕಿದ್ದರೆ ಬಯೋಸ್‌ನಲ್ಲಿ ಆ ಸ್ಲಾಟ್‌ನ ವೇಗವನ್ನು ಮೂರನೇ ಪೀಳಿಗೆಗೆ ನಿಗದಿಪಡಿಸಿ. 16 ಜಿಟಿಯ ಹೊಂದಾಣಿಕೆಗೆ ಹೋಗಿ ಸೋಲುವ ಸರದಿ ತಪ್ಪಿದರೆ ಬೆಳಗಿನ ಹೊತ್ತು ಡ್ರೈವ್ ಕಾಣದಿರುವ ಪ್ರಸಂಗಗಳು ಕಡಿಮೆಯಾಗಬಹುದು.